ಮೆಹಕರದ ಆಯಿ ಮತ್ತು ಆಕೆಯ ವಾಕಿ

ಹೋದ ವಾರ ಔರಾದಿನಿಂದ ಒಂದು ಫೋನ್ ಬಂತು. ಆಯಿಯ ಮಗಳು ಮಾತಾಡಿದಳು. "ಅಕ್ಕೋರೆ, ಅವ್ವ ಹೋದಳ್ರಿ. ಮಣ್ಣು ಮಾಡಿ ಬಂದೇವಿ. ನಿಮ್ಮ ನಂಬರ್ ನನ್ನ ಬಲ್ಲಿ ಇತ್ತು, ಹೇಳಬೇಕು ಅನಸ್ತು," ಅಂದಳು. ಜ್ವರ ಬಂದಿತ್ತಂತೆ, ದವಾಖಾನೆಗೆ ನಡೆ ಅಂದರೆ ಆಕೆ ಒಲ್ಲೆ ಅಂದಳಂತೆ. ಫೋನ್ ಇಟ್ಟ ಮೇಲೆ ಬೀದರಿನ ನನ್ನ ಮನೆಯ ಅಡುಗೆ ಕಟ್ಟೆಯ ಹತ್ತಿರ ನಿಂತು ಉಳಿದ ತರಕಾರಿ ಹೆಚ್ಚಿದೆ. ಅಳು ಬರಲಿಲ್ಲ. ಆಕೆ ನನ್ನನ್ನು ಒಂದು ಮಾತು ಕೇಳಿದ್ದಳು. ಅದಕ್ಕೆ ಉತ್ತರ ಕೊಡುವುದು ಇನ್ನು ಎಂದಿಗೂ ಆಗುವುದಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಆಕೆಯ ಹೆಸರು ನನಗೆ ಗೊತ್ತಿತ್ತು, ಆದರೆ ಆ ಹೆಸರಿನಿಂದ ಎಂದೂ ಕರೆಯಲಿಲ್ಲ. ಮೆಹಕರ ಭಾಲ್ಕಿ ತಾಲೂಕಿನಲ್ಲಿ ರಾಜ್ಯದ ಗಡಿಗೆ ಹತ್ತಿದ ಊರು, ಅರ್ಧ ಮಾತು ಮರಾಠಿ. ಅಜ್ಜಿಯಂಥವರನ್ನೆಲ್ಲ ಅಲ್ಲಿ ಆಯಿ ಎನ್ನುತ್ತಾರೆ. ಆದರೂ ಊರಲ್ಲಿ ಬರೇ "ಆಯಿ" ಅಂದರೆ ಈಕೆಯೇ. ನಾನು ಅಲ್ಲಿ ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೆ. ಭಾಲ್ಕಿಯಲ್ಲಿ ರೂಮು ಮಾಡಿದ್ದೆ. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ತಿರುಗಿ ಬರುವುದು. ಗ್ರಂಥಾಲಯವೆಂದರೆ ಒಂದೇ ಕೋಣೆ, ಎರಡು ಮೇಜು, ಗೋಡೆಗುಂಟ ಕಪಾಟು, ಮತ್ತು ಕರೆಂಟು ಹೋದರೂ ನಡೆಯುವ ಒಂದು ಇನ್ವರ್ಟರ್. ಆಯಿ ಬಂದದ್ದು ಪುಸ್ತಕಕ್ಕಲ್ಲ, ಆ ಇನ್ವರ್ಟರಿಗೆ.

ಮೊದಲ ದಿನ ಬಾಗಿಲಲ್ಲೇ ನಿಂತು ಕೇಳಿದಳು. "ಇಲ್ಲಿ ಲೈಟ್ ಹೋಗಲ್ಲಂತ, ಖರೆ ಏನ್ರಿ?"

"ಹೋದ್ರೂ ಸ್ವಲ್ಪ ಹೊತ್ತು ನಡೀತದ. ಯಾಕ ಆಯಿ?"

ಆಕೆ ಸೊಂಟದ ಚೀಲದಿಂದ ಒಂದು ಕಪ್ಪು ಸೆಟ್ಟು ತೆಗೆದಳು. ಬಂದೋಬಸ್ತಿನ ಪೊಲೀಸರ ಕೈಯಲ್ಲಿ ನೋಡುತ್ತೇವಲ್ಲ, ಅಂಥ ವಾಕಿಟಾಕಿ. ಮೇಲೆ ಗಿಡ್ಡ ಆಂಟೆನಾ, ಬದಿಗೆ ಒತ್ತುವ ಗುಂಡಿ. ಜೊತೆಗೆ ಅದನ್ನು ನಿಲ್ಲಿಸಿ ಚಾರ್ಜ್ ಮಾಡುವ ಪುಟ್ಟ ಸ್ಟ್ಯಾಂಡು. "ಇದಕ ಉಣಸಬೇಕಾಗ್ಯಾದ್ರಿ," ಅಂದಳು. ನಾನು ಸೆಟ್ಟನ್ನೂ ಆಕೆಯನ್ನೂ ನೋಡಿದ್ದು ಕಂಡು, "ಕಳವಿನ ಮಾಲಲ್ರಿ. ಅಳಿಯ ಕೊಟ್ಟಾನ," ಎಂದು ಸೇರಿಸಿದಳು.

ಔರಾದಿನ ಅಳಿಯ ಮದುವೆ ಮಂಟಪವೊಂದರಲ್ಲಿ ವಾಚ್‌ಮನ್ ಆಗಿದ್ದ. ಮಂಟಪದವರು ಹೊಸ ಸೆಟ್ಟು ತಂದಾಗ ಹಳೆಯ ಒಂದು ಜೋಡಿ ಇವನಿಗೆ ಸಿಕ್ಕಿತ್ತು. ಅವನು ಅದನ್ನು ತಂದು ಅತ್ತೆ ಮಾವನಿಗೆ ಕೊಟ್ಟ. ಕೊಟ್ಟದ್ದಕ್ಕೆ ಕಾರಣವಿತ್ತು. ಆಯಿಯ ಗಂಡನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಫೋನ್ ಕೊಟ್ಟರೆ ನಂಬರ್ ಒತ್ತಲಾರ, ಹಲೋ ಎನ್ನಲಾರ. ಈ ಸೆಟ್ಟಿನಲ್ಲಿ ಅದೇನೂ ಬೇಕಾಗಿರಲಿಲ್ಲ. ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿ ಬಿಟ್ಟರೆ ಆಯಿಯ ಸೆಟ್ಟಿನಲ್ಲಿ "ಕರ್ರ್" ಎಂದು ಸಪ್ಪಳವಾಗುತ್ತಿತ್ತು. ಒಮ್ಮೆ ಒತ್ತಿದರೆ ಹೂಂ, ಎರಡು ಸಲ ಒತ್ತಿದರೆ ಇಲ್ಲ.

ಅವರ ಮನೆ ಊರ ಹೊರಗೆ ಹೊಲದಲ್ಲಿತ್ತು. ಕುರಿದೊಡ್ಡಿಗೆ ಹತ್ತಿ ತಗಡಿನ ಎರಡು ಕೋಣೆ. ಅಲ್ಲಿಗಿನ್ನೂ ಕರೆಂಟಿನ ತಂತಿ ಬಂದಿರಲಿಲ್ಲ. ಆಯಿ ಬೆಳಿಗ್ಗೆ ಗಂಡನಿಗೆ ಉಣಿಸಿ, ಸೆಟ್ಟನ್ನು ಅವನ ಎಡಗೈಯ ಹತ್ತಿರ ಇಟ್ಟು, ಕುರಿ ಹೊಡೆದುಕೊಂಡು ಹೊರಡುತ್ತಿದ್ದಳು. ಮಧ್ಯಾಹ್ನ ಕುರಿಗಳು ಊರ ಅಂಚಿನ ಬೇವಿನ ಗಿಡಗಳ ನೆರಳಲ್ಲಿ ತಲೆ ತಗ್ಗಿಸಿ ನಿಂತಾಗ ಆಕೆ ಗ್ರಂಥಾಲಯಕ್ಕೆ ಬಂದು ತನ್ನ ಸೆಟ್ಟನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸುವಳು. ಕೆಂಪು ದೀಪ ಹತ್ತುವುದು. ಚಾರ್ಜಿಗೆ ಇಟ್ಟರೂ ಬಂದ್ ಮಾಡುತ್ತಿರಲಿಲ್ಲ, ಗಂಡ ಕರೆದರೆ ಕೇಳಬೇಕಲ್ಲ. ದೀಪ ಹಸಿರಾಗುವ ತನಕ ಪ್ಲಗ್ಗಿನ ಕೆಳಗೆ ನೆಲದ ಮೇಲೆ ಕೂಡುವಳು. ಸಂಜೆ ಮನೆಗೆ ಹೋಗಿ ಆ ತುಂಬಿದ ಬ್ಯಾಟರಿಯನ್ನು ಗಂಡನ ಸೆಟ್ಟಿಗೆ ಹಾಕಿ, ಅವನದನ್ನು ತಾನು ತೆಗೆದುಕೊಳ್ಳುವಳು. "ನನಗ ಕಾಲು ಅದಾವ್ರಿ. ಚಾರ್ಜ್ ಮುಗದ್ರ ನಡದು ಹೋಗ್ತೀನಿ. ಅವಂಗ ಇರೋದು ಇದೊಂದೇ," ಅನ್ನುತ್ತಿದ್ದಳು.

ಮಾತಿನ ಹೆಂಗಸು. ಮೊದಮೊದಲು ಸೆಟ್ಟನ್ನು ಬಾಯಿಗೆ ಹಿಡಿದು ಎಷ್ಟು ಜೋರಾಗಿ ಕೂಗುತ್ತಿದ್ದಳೆಂದರೆ ಪಂಚಾಯ್ತಿಯ ಕಾರಕೂನ ಹೊರಗೆ ಬಂದು, "ಆಯಿ, ಇಷ್ಟು ಒದರಿದ್ರ ವಾಕಿ ಯಾಕ ಬೇಕು, ಹಂಗೇ ಕೇಳ್ತದ," ಎಂದಿದ್ದ. ಆಮೇಲೆ ದನಿ ತಗ್ಗಿಸಿದಳು. ಏನು ಮಾತಾಡುತ್ತಿದ್ದಳು ಎಂದರೆ ಎಲ್ಲ. "ಏನ್ರಿ, ಕೇಳ್ತದೇನು? ಬಾವಿ ದಂಡಿಗಿ ಬಂದೀನಿ. ಆ ಕೊಂಬು ಮುರದ ಟಗರು ಮತ್ತ ಮಂದಿ ಹೊಲಕ್ಕ ಹೊಂಟಿತ್ತು, ಎಳದು ತಂದೀನಿ. ನೀರು ಕುಡದ್ರೇನು?" ಕರ್ರ್. "ಗಡಿಗಿ ಖಾಲಿ ಆಗ್ಯಾದೇನು?" ಕರ್ರ್, ಕರ್ರ್. ಹೊಲದಲ್ಲಿ ಏನು ಕಂಡರೂ ಅವನಿಗೆ ಹೇಳುತ್ತಿದ್ದಳು: ಯಾರ ಸೋಯಾ ಹಳದಿಯಾಗಿದೆ, ಯಾವ ಕುರಿ ಗಬ್ಬ ಕಟ್ಟಿದೆ, ಹಲಬರ್ಗಾದ ಕಡೆ ಮೋಡ ಎಷ್ಟು ಕಪ್ಪಾಗಿದೆ. ಅವಳ ಗಂಡ ಮೊದಲು ಇದೇ ಹಾದಿಗಳಲ್ಲಿ ಕುರಿ ಮೇಯಿಸಿದವನು. ಮಲಗಿದಲ್ಲೇ ಎಲ್ಲವನ್ನೂ ನೋಡುತ್ತಿದ್ದನೇನೋ.

ಸೆಟ್ಟು ಮುಟ್ಟುವುದಕ್ಕೆ ಒಂದು ಗಡಿ ಇತ್ತು. ನಾಲೆಯ ಆಚೆ ಇಳಿದರೆ ಸಪ್ಪಳ ಹರಿದು ಹರಿದು ಬಂದು ನಿಂತುಬಿಡುತ್ತಿತ್ತು. ಹಾಗಾಗಿ ಆಯಿ ನಾಲೆ ದಾಟುತ್ತಿರಲಿಲ್ಲ. ಉಳಿದ ಕುರಿಯವರು ಹುಲ್ಲಿದ್ದ ಕಡೆ ದೂರ ದೂರ ಹೋಗಿ ಬರುತ್ತಿದ್ದರು. ಈಕೆಯ ಕುರಿಗಳು ತಿಂದ ಜಾಗವನ್ನೇ ಮತ್ತೆ ತಿಂದು ಬಡವಾದವು. ಒಬ್ಬ ಕುರಿಯವ ನನ್ನೆದುರಿಗೇ ಹೇಳಿದ: "ಆಯಿ, ಕುರಿ ಹೊಟ್ಟಿಗಿಲ್ದ ಸಾಯ್ತಾವ ನೋಡು."

"ಕುರಿಗೆ ಬಾಯದ, ಅರಚತಾವ," ಅಂದಳು ಆಯಿ. "ಅರಚಲಾಕ ಬರದವನ ಬಿಟ್ಟು ಎಲ್ಲಿಗಿ ಹೋಗ್ಲಿ?"

ಪುಸ್ತಕಗಳ ಬಗ್ಗೆ ಆಕೆಗೆ ಮರ್ಯಾದೆ ಇತ್ತು, ಆಸಕ್ತಿ ಇರಲಿಲ್ಲ. ಅಕ್ಷರ ಕಲಿಸುತ್ತೇನೆ ಅಂದರೆ ಕೈ ಅಲ್ಲಾಡಿಸಿಬಿಡುತ್ತಿದ್ದಳು. ಒಮ್ಮೆ ಮಕ್ಕಳ ಚಿತ್ರದ ಪುಸ್ತಕ ತಿರುವಿ ಹಾಕಿ ಒಂದು ಬಿಳಿ ಕುರಿಯ ಹತ್ತಿರ ನಿಂತಳು. "ಇದ್ಯಾವ ಊರ ಕುರಿರಿ? ಅರಳಿ ತುಂಬಿದ ದಿಂಬು ಇದ್ದಂಗ ಅದ," ಎಂದು ನಕ್ಕು, ಆ ಸುದ್ದಿಯನ್ನೂ ಗುಂಡಿ ಒತ್ತಿ ಗಂಡನಿಗೆ ಹೇಳಿದಳು. ಅತ್ತಲಿಂದ ಒಂದು ಕರ್ರ್ ಬಂತು. "ನಗ್ಲಾಕತ್ತಾನ," ಅಂದಳು. ಒಂದೇ ಥರದ ಸಪ್ಪಳದಲ್ಲಿ ನಗು ಯಾವುದು, ಹಸಿವು ಯಾವುದು ಎಂದು ಆಕೆಗೆ ಹೇಗೆ ತಿಳಿಯುತ್ತಿತ್ತೋ ನನಗೆ ತಿಳಿಯಲಿಲ್ಲ. ತಿಳಿಯುತ್ತದೆ ಎಂದು ಆಕೆ ನಂಬಿದ್ದಳು.

ಆ ವರ್ಷ ರಸ್ತೆ ಕೆಲಸ ನಡೆದಿತ್ತು. ಒಂದು ಬದಿಯ ಗಾಡಿಗಳನ್ನು ನಿಲ್ಲಿಸಿ ಇನ್ನೊಂದು ಬದಿಯವನ್ನು ಬಿಡುವ ಹುಡುಗರ ಬಳಿಯೂ ವಾಕಿ ಇದ್ದವು. ಅವರ ಮಾತು ಇವಳ ಸೆಟ್ಟಿನಲ್ಲಿ ಕೇಳತೊಡಗಿತು. "ಗಾಡಿ ಛೋಡೋ", "ರುಕೋ ರುಕೋ" ಎಂದು ದಿನವೆಲ್ಲ. ಆಯಿ ಸಿಟ್ಟಾಗಲಿಲ್ಲ. ನಡುವೆ ಬಾಯಿ ಹಾಕಿ, "ಖಾನಾ ಖಾಯೇ ಕ್ಯಾ ಬೇಟಾ?" ಎಂದು ಊಟ ವಿಚಾರಿಸುತ್ತಿದ್ದಳು. ಮೊದಲು ಗಾಬರಿಯಾದ ಅವರು ಆಮೇಲೆ ಸಲಿಗೆಯಿಂದ ಉತ್ತರ ಕೊಡತೊಡಗಿದರು. ಆದರೆ ಇದು ಗಂಡನಿಗೆ ಸೇರಲಿಲ್ಲ. ಆಕೆ ಅವರೊಡನೆ ಮಾತು ಶುರು ಮಾಡಿದ ಕೂಡಲೇ ಅವನು ಗುಂಡಿ ಒತ್ತಿ ಹಿಡಿದುಬಿಡುತ್ತಿದ್ದ. ಆಗ ಇವಳ ಸೆಟ್ಟಿನಲ್ಲಿ ಬರೇ ಬುಸ್ ಎಂಬ ಸಪ್ಪಳ.

ಆ ಸೆಟ್ಟಿನ ಗುಣವೇ ಅದು. ಒಬ್ಬರು ಗುಂಡಿ ಒತ್ತಿ ಹಿಡಿದಿರುವ ತನಕ ಅವರಿಗೆ ಇನ್ನೊಬ್ಬರ ಮಾತು ಕೇಳುವುದಿಲ್ಲ. ಬಿಟ್ಟರೆ ಮಾತ್ರ ಕೇಳುತ್ತದೆ. ಮನೆಯಲ್ಲಿ ಜಗಳವಾದ ದಿನವೂ ಮುದುಕ ಇದನ್ನೇ ಮಾಡುತ್ತಿದ್ದ. ಆಯಿ ಬೈಯಲು ಬಾಯಿ ತೆರೆದರೆ ಸಾಕು, ಒತ್ತಿ ಹಿಡಿದು ಮಲಗಿಬಿಡುವನು. "ನೋಡ್ರಿ ಅಕ್ಕೋರೆ, ಬಾಯಿಲ್ದ ಗಂಡ ನನ್ನ ಬಾಯಿ ಬಂದ್ ಮಾಡ್ತಾನ," ಎಂದು ಆಕೆ ಸೆಟ್ಟನ್ನು ನನ್ನ ಮುಂದೆ ಹಿಡಿಯುತ್ತಿದ್ದಳು. "ಹಿಡೀಲಿ. ಕೈ ಸೋತ್ರ ತಾನೇ ಬಿಡ್ತಾನ."

ಹೀಗೆ ಒತ್ತಿ ಹಿಡಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಕೇಳುವುದಕ್ಕೆ ಹೆಚ್ಚು ಚಾರ್ಜ್ ಬೇಡ, ಆಡುವುದಕ್ಕೆ ಬೇಕು. ಮೊದಲೇ ಹಳೆಯ ಬ್ಯಾಟರಿಗಳು. ಮಳೆಗಾಲದ ಹೊತ್ತಿಗೆ ಎರಡೂ ಸೊರಗಿದವು. ಹಸಿರು ದೀಪ ಜಲ್ದಿ ಬರುತ್ತಿತ್ತು, ಅಷ್ಟೇ ಜಲ್ದಿ ಚಾರ್ಜ್ ಹೋಗುತ್ತಿತ್ತು. ಚಾರ್ಜ್ ಮುಗಿಯುವ ಮುಂಚೆ ಸೆಟ್ಟಿನೊಳಗಿಂದ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಎಚ್ಚರಿಕೆ ಹೇಳುತ್ತಿದ್ದಳು. ಆಯಿಗೆ ಆಕೆ ಸೇರುತ್ತಿರಲಿಲ್ಲ. "ಬಂದಳು ನೋಡ್ರಿ, ಕೆಟ್ಟ ಸುದ್ದಿ ಹೇಳಾಕಿ."

ನಾನು ಒಂದು ಭಾನುವಾರ ಆ ಬ್ಯಾಟರಿಯ ಫೋಟೊ ತೆಗೆದುಕೊಂಡು ಬೀದರಿನಲ್ಲಿ ಮೊಬೈಲ್ ಅಂಗಡಿಗಳನ್ನು ತಿರುಗಿದೆ. ಎಲ್ಲರೂ ಒಂದೇ ಮಾತು: ಈ ಮಾದರಿ ಈಗ ಬರುವುದಿಲ್ಲ. ಒಬ್ಬ ಹುಡುಕಿ ತರಿಸುತ್ತೇನೆ ಅಂದ. ತರಿಸಿದ್ದು ಕೂಡಲಿಲ್ಲ, ಒಂದು ಕೂದಲೆಳೆಯಷ್ಟು ಅಗಲ. ಅಳಿಯನೂ ಔರಾದಿನಲ್ಲಿ ಕೇಳಿ ನೋಡಿ ಕೈಬಿಟ್ಟಿದ್ದ. ಬೇರೆ ಹೊಸ ಜೋಡಿ ನೋಡೋಣ ಅಂದರೆ ಆಯಿ ಒಪ್ಪಲಿಲ್ಲ. ಗಂಡನ ಬೆರಳಿಗೆ ಆ ಗುಂಡಿಯೇ ರೂಢಿಯಾಗಿತ್ತು. ಅದನ್ನು ಕಲಿಯುವುದಕ್ಕೇ ಅವನು ಬಹಳ ದಿನ ತೆಗೆದುಕೊಂಡಿದ್ದ. ಹಾಗಾಗಿ ಮಾತು ಕಡಿಮೆ ಮಾಡಿದಳು. ಮಾತೇ ಜೀವವಾಗಿದ್ದ ಹೆಂಗಸು ಹೊಲದಲ್ಲಿ ಕಂಡದ್ದನ್ನೆಲ್ಲ ನುಂಗಿಕೊಂಡು, "ಅದೀರೇನ್ರಿ?" ಎಂದಷ್ಟೇ ಕೇಳಿ, ಒಂದು ಕರ್ರ್ ಬಂದ ಮೇಲೆ ಸುಮ್ಮನಾಗುವಳು. ನುಂಗಿದ ಮಾತನ್ನೆಲ್ಲ ಮಧ್ಯಾಹ್ನ ನನ್ನ ಮುಂದೆ ಇಳಿಸುವಳು. ಇದೆಲ್ಲ ನನಗೆ ಇಷ್ಟು ಗೊತ್ತಿರುವುದು ಹಾಗೆಯೇ.

ಅದೇ ಮಳೆಗಾಲದ ಒಂದು ದಿನ ಬೆಳಿಗ್ಗೆ ಅವರಿಗೆ ಜಗಳವಾಗಿತ್ತು. ತನ್ನ ಮಂಚವನ್ನು ಹೊರಗೆ ಗಿಡದ ಕೆಳಗೆ ಹಾಕು ಎಂದು ಅವನು ಕೈ ತೋರಿಸಿ ತೋರಿಸಿ ಕೇಳಿದ್ದ. ಮೋಡ ಕವಿದಿದೆ, ನೆನೆಯುತ್ತೀ ಎಂದು ಆಕೆ ಒಳಗೇ ಬಿಟ್ಟು ಬಂದಿದ್ದಳು. "ಮಾರಿ ಗೋಡಿ ಕಡಿ ಮಾಡಿ ಮಲಗ್ಯಾನ," ಎಂದು ನನಗೆ ಹೇಳುತ್ತ ಸೆಟ್ಟನ್ನು ಸ್ಟ್ಯಾಂಡಿಗೆ ಇಟ್ಟಳು. ಮಡಿಲಲ್ಲಿ ಹಸಿ ಶೇಂಗಾ ತಂದಿದ್ದಳು. ಇಬ್ಬರೂ ಸುಲಿಯುತ್ತ ಕೂತೆವು.

ಸ್ವಲ್ಪ ಹೊತ್ತಿಗೆ ಸೆಟ್ಟು ಬುಸ್ ಅಂದಿತು. ಬಿಡಲಿಲ್ಲ. ಆಯಿ ನನ್ನ ಕಡೆ ನೋಡಿ ನಕ್ಕಳು.

"ಶುರು ಮಾಡ್ದ ನೋಡ್ರಿ. ಬೆಳಗಿನ ಸಿಟ್ಟು."

ನಾನೂ ನಕ್ಕೆ. ನಾವು ಮಾತು ಮುಂದುವರಿಸಿದೆವು. ಸೆಟ್ಟಿನೊಳಗಿಂದ ತಂಬಿಗೆಯೋ ಏನೋ ಬಿದ್ದು ಉರುಳಿದ ಸಪ್ಪಳ ಬಂತು. "ನೀರು ಚೆಲ್ಲಿದ. ನನಗ ಕೆಲಸ ಇಡ್ತಾನ," ಅಂದಳು. ಆಮೇಲೆ ನಾಯಿ ಬೊಗಳಿದ್ದು, ಆಮೇಲೆ ಗೊರಕೆಯಂಥ ಉಸಿರು. ಆಯಿಯ ಕೈ ಶೇಂಗಾದಲ್ಲೇ ನಿಂತಿತು.

"ನಿದ್ದಿ ಹತ್ತಿತೇನ್ರಿ ಇವಂಗ?" ಎಂದು ನನ್ನನ್ನೇ ಕೇಳಿದಳು. ಎದ್ದು ಸೆಟ್ಟಿನ ಹತ್ತಿರ ಬಾಗಿದಳು. ಉಸಿರು ಒಂದೇ ಸಮ ಬರುತ್ತಿರಲಿಲ್ಲ. ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. "ಇದು ಅವನ ನಿದ್ದಿ ಅಲ್ಲ," ಅಂದಳು.

ಸೆಟ್ಟು ಎತ್ತಿ ಗುಂಡಿ ಒತ್ತಿದಳು. "ಏನ್ರಿ, ಕೇಳ್ತದೇನು? ಗುಂಡಿ ಬಿಡ್ರಿ. ಒಮ್ಮಿ ಬಿಡ್ರಿ." ಅವನು ಹಿಡಿದಿರುವ ತನಕ ಇದು ಅವನಿಗೆ ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ಆದರೂ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬಿಟ್ಟಾಗಲೆಲ್ಲ ಆ ಉಸಿರೇ.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಭಾಲ್ಕಿಯಿಂದ ಬರಬೇಕು, ಹೊರಡಿಸುತ್ತೇವೆ ಅಂದರು. ಆಯಿಯ ಪಕ್ಕದ ಹೊಲದವನಿಗೆ ಮಾಡಿದೆ. ಅವನು ಬೀದರಿನಲ್ಲಿ ಇದ್ದ, ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಅಷ್ಟರಲ್ಲಿ ಆಯಿ ಹೊರಗೆ ಓಡಿದ್ದಳು. ಕಾರಕೂನ ತನ್ನ ಮೋಟರ್ ಸೈಕಲ್ಲಿನ ಮೇಲೆ ನಮ್ಮಿಬ್ಬರನ್ನೂ ಕೂಡಿಸಿಕೊಂಡ. ಊರು ದಾಟಿದ ಕೂಡಲೇ ಎರೆಮಣ್ಣು. ರಾತ್ರಿಯ ಮಳೆಗೆ ಅಂಟಾಗಿದ್ದ ಮಣ್ಣು ಗಾಲಿಗೆ ಸುತ್ತಿಕೊಂಡು ಗಾಡಿ ನಿಂತೇಬಿಟ್ಟಿತು. ಆಯಿ ಇಳಿದು ಓಡಿದಳು. ನಾನು ಹಿಂದೆ. ಕಾರಕೂನ ಗಂಡಸರನ್ನು ಕರೆತರಲು ಊರ ಕಡೆ ತಿರುಗಿದ.

ಸೆಟ್ಟನ್ನು ಕಿವಿಗೆ ಒತ್ತಿಕೊಂಡೇ ಓಡುತ್ತಿದ್ದಳು. ಕಾಲಿಗೆ ಮಣ್ಣು ಹತ್ತಿ ಹೆಜ್ಜೆ ಎತ್ತಲಾಗದೆ ನಿಲ್ಲುವಳು, ಕೇಳುವಳು, ನನ್ನ ಕಡೆ ತಿರುಗಿ "ಉಸರದ," ಅನ್ನುವಳು. ಮತ್ತೆ ಓಡುವಳು. "ಇನ್ನಾ ಉಸರದ." ಹಾದಿಯ ಬದಿಗೆ ಆಕೆಯ ಕುರಿಗಳು ತಲೆ ಎತ್ತಿ ನೋಡಿ ಹಿಂದೆ ಬರತೊಡಗಿದವು. ಆಕೆ ತಿರುಗಿ ನೋಡಲಿಲ್ಲ.

ಅವರ ಹೊಲದ ಬದುವಿಗೆ ಬಂದಾಗ ಬುಸ್ ನಿಂತಿತು.

ಆಯಿಯೂ ನಿಂತಳು. ಸೆಟ್ಟನ್ನು ಅಲ್ಲಾಡಿಸಿದಳು, ಬದಿಯ ಗುಂಡಿ ಒತ್ತಿದಳು. "ಅದೀರೇನ್ರಿ? ಅದೀರೇನು?" ಏನೂ ಬರಲಿಲ್ಲ. ನನ್ನ ಮುಖ ನೋಡಿದಳು.

"ಬ್ಯಾಟ್ರಿ ಹೋತೇನ್ರಿ ಅಕ್ಕೋರೆ? ಇಲ್ಲಾ..."

"ಬ್ಯಾಟ್ರಿ ಆಯಿ. ಅಷ್ಟೊತ್ತು ಒತ್ತಿ ಹಿಡದ್ರ ಎಲ್ಲಿ ಉಳೀತದ," ಅಂದೆ. ನನಗೆ ಗೊತ್ತಿರಲಿಲ್ಲ. ಬ್ಯಾಟರಿ ಹೋಗಿದ್ದರೂ ಹಾಗೇ ನಿಲ್ಲುತ್ತದೆ, ಕೈ ಸಡಿಲಾದರೂ ಹಾಗೇ ನಿಲ್ಲುತ್ತದೆ. ಕಣ್ಣೆದುರಿಗೆ ಆ ತಗಡಿನ ಮನೆ ಕಾಣುತ್ತಿತ್ತು. ಅಲ್ಲಿಗೆ ಮುಟ್ಟುವ ತನಕ ನಮ್ಮಿಬ್ಬರಲ್ಲಿ ಯಾರಿಗೂ ಏನೂ ಮಾಡುವುದು ಸಾಧ್ಯವಿರಲಿಲ್ಲ.

ಅವನು ಮಂಚದಿಂದ ಕೆಳಗೆ ಬಿದ್ದಿದ್ದ. ಬೋರಲಾಗಿ, ಎಡಗೈ ಎದೆಯ ಕೆಳಗೆ ಸಿಕ್ಕಿತ್ತು. ಇಬ್ಬರೂ ಸೇರಿ ಹೊರಳಿಸಿದಾಗ ಮುಷ್ಟಿಯೊಳಗೆ ಸೆಟ್ಟು ಹಾಗೇ ಇತ್ತು, ಹೆಬ್ಬೆರಳು ಗುಂಡಿಯ ಮೇಲೆ. ಸೆಟ್ಟಿನ ದೀಪ ಆರಿತ್ತು, ಬ್ಯಾಟರಿಯೇ ಹೋಗಿತ್ತು. ಉಸಿರಿತ್ತು. ಆಯಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿದಳು. "ಬಂದೀನಿ ನೋಡ್ರಿ. ಬಂದೀನಿ. ಬಿಡ್ರಿ ಇನ್ನ." ಬೆರಳು ಕಟ್ಟಿಗೆಯಂತೆ ಬಿಗಿದಿದ್ದವು. ಕಣ್ಣು ತೆರೆಯಲಿಲ್ಲ.

ಊರವರು ಬಂದು ಮಂಚದ ಸಮೇತ ಹೊತ್ತು ರಸ್ತೆಗೆ ತಂದರು. ಆಂಬುಲೆನ್ಸು ಅಲ್ಲಿಯ ತನಕವೇ ಬರಲು ಸಾಧ್ಯವಾಗಿತ್ತು. ಭಾಲ್ಕಿಯಲ್ಲಿ ನೋಡಿ ಬೀದರಿಗೆ ಕಳಿಸಿದರು. ಬೀದರಿನ ಡಾಕ್ಟರು ಸೌಮ್ಯವಾಗಿ ಮಾತಾಡಿದರು. ಮತ್ತೊಮ್ಮೆ ಲಕ್ವಾ ಹೊಡೆದಿದೆ, ಈ ಸಲ ದೊಡ್ಡದು ಅಂದರು. ಕೈ ಹಾಗೆ ಹಿಡಿದದ್ದನ್ನು ಆಯಿ ಹೇಳಿದಾಗ, ಅಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಬಿಗಿದುಕೊಳ್ಳುವುದುಂಟು ಅಂದರು. ಆಕೆ ಆ ಮಾತನ್ನು ಕೇಳಿಸಿಕೊಂಡಳು. ದವಾಖಾನೆಯ ವರಾಂಡದಲ್ಲಿ ಮಗಳ ಪಕ್ಕದಲ್ಲಿ ಕೂತು ಬಾಗಿಲು ನೋಡುತ್ತಿದ್ದಳು. ಅವನು ಎಚ್ಚರವಾಗದೆಯೇ ಕೆಲವು ದಿನಗಳಲ್ಲಿ ಹೋದ.

ಆಮೇಲೆ ಆಯಿ ಗ್ರಂಥಾಲಯಕ್ಕೆ ಬರಲಿಲ್ಲ. ಕುರಿಗಳನ್ನು ಕೊಟ್ಟುಬಿಟ್ಟು ಔರಾದಿಗೆ ಮಗಳ ಮನೆಗೆ ಹೋದಳೆಂದು ಕಾರಕೂನ ಹೇಳಿದ. ನನಗೂ ಮುಂದೆ ಬೀದರಿಗೆ ಬದಲಿಯಾಯಿತು. ಒಮ್ಮೆ ಕೆಲಸದ ಮೇಲೆ ಔರಾದಿಗೆ ಹೋದಾಗ ಮನೆ ಹುಡುಕಿಕೊಂಡು ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿ. ಆಯಿ ಹೊಸ್ತಿಲ ಒಳಗೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು ಎರಡೂ ಕೈ ಹಿಡಿದಳು. ಬಹಳ ಇಳಿದಿದ್ದಳು. ದನಿ ಮಾತ್ರ ಮೊದಲಿನದೇ ಇರುತ್ತದೆಂದು ತಿಳಿದಿದ್ದೆ, ಅದೂ ಸಣ್ಣಗಾಗಿತ್ತು.

ಮಗಳು ಚಹಾಕ್ಕೆ ಒಳಗೆ ಹೋದಾಗ ಕೇಳಿದಳು. "ಅಕ್ಕೋರೆ, ನಿಮ್ಮ ಬಿಟ್ಟು ಯಾರಿಗೂ ಕೇಳಲಾಕ ಬರಲ್ರಿ. ಅವತ್ತು ನೀವೂ ಕೇಳೀರಿ. ಅವ ನನಗ ಕರೀಲಾಕತ್ತಿದ್ದನೋ, ಇಲ್ಲಾ ಕೈ ತಾನೇ ಹಿಡಕೊಂಡಿತ್ತೋ?"

"ಡಾಕ್ಟರು ಹೇಳಿದ್ರಲ್ಲ ಆಯಿ. ಕೈ ತಾನೇ ಹಿಡಕೊಂತದಂತ."

ಆಕೆ ಮೊರದಲ್ಲಿ ಬೆರಳಾಡಿಸಿದಳು. "ಹಂಗಂದ್ರ ಹೋಗೂ ಹೊತ್ತಿನ್ಯಾಗ ಅವಂಗ ನನ್ನ ನೆನಪೇ ಆಗಿಲ್ಲ."

"ಹಂಗಲ್ಲ ಆಯಿ. ಕರದೇ ಕರದಿರ್ತಾರ. ನಿಮ್ಮ ಬಿಟ್ಟು ಅವರಿಗೆ ಯಾರಿದ್ರು?"

ಆಯಿ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ.

"ಹಂಗಂದ್ರ ಅವ ಕರದಾನ, ನಾ ನಕ್ಕೀನಿ," ಅಂದಳು.

ಮಗಳು ಚಹಾ ತಂದಿಟ್ಟು ಹೋದಳು. ನಾನು ಮೊರದ ಇನ್ನೊಂದು ಬದಿಗೆ ಕೂತೆ. ಬಸ್ಸಿನ ಹೊತ್ತಾಗುವ ತನಕ ಇಬ್ಬರೂ ತೊಗರಿಯೊಳಗಿನ ಹರಳು ಆರಿಸಿದೆವು.